ತುಟಿ ಮಾತ್ರ ಆಡಿಸು

ದುಬೈಯ ಇಗರ್ಜಿಯೊಂದರ ಕೊಂಕಣಿ ಕೊಯರಿಗೆ, ಎಂದರೆ ಪೂಜೆಯಲ್ಲಿ ಹಾಡುವ ತಂಡಕ್ಕೆ, ಅಗಾತಾ ಪಾಯ್ಸ್ ಸೇರಿದ್ದು ಕಂಠದ ಬಲದಿಂದಲ್ಲ, ಎತ್ತರದ ಬಲದಿಂದ. ಹಿಂದಿನ ಸಾಲಿಗೆ ಎತ್ತರದ ಹೆಂಗಸೊಬ್ಬಳು ಬೇಕಾಗಿತ್ತು. ಕಿನ್ನಿಗೋಳಿ ಕಡೆಯಿಂದ ಹೊಸದಾಗಿ ಬಂದ ಅಗಾತಾ ನೀಲಿ ಸೀರೆ ಉಟ್ಟು ಪೂಜೆ ಮುಗಿಸಿ ಹೊರಗೆ ಬರುವಾಗ ಕೊಯರ್ ಮಾಸ್ಟರ್ ಆನ್ಸೆಲ್ಮ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹಾಡ್ಲಿಕ್ಕೆ ಬರ್ತದಾ?" ಎಂದು ಕೇಳಿದ. ಅವಳು ಹೂಂ ಎಂದಳು. ಮುಂದಿನ ವಾರದ ಅಭ್ಯಾಸಕ್ಕೆ ಹೋಗಿ, ಊರಲ್ಲಿ ಹಾಡುತ್ತಿದ್ದ ಹಾಗೆಯೇ ಬಾಯಿ ತೆರೆದು ಹಾಡಿದಳು.

ಎರಡು ಸಾಲು ಮುಗಿಯುವುದರೊಳಗೆ ಮುಂದಿದ್ದವರೆಲ್ಲ ಹಿಂತಿರುಗಿ ನೋಡಿದರು. ಒಬ್ಬಾಕೆ ಕಿವಿಗೆ ಕೈ ಹಿಡಿದಳು. ಆನ್ಸೆಲ್ಮ್ ಕೀಬೋರ್ಡಿನಿಂದ ಬೆರಳೆತ್ತಿ ನಕ್ಕ.

"ಎಂತ ಮಾರಾಯ್ತಿ, ನೀನು ಹಾಡಿದ್ರೆ ಉಳಿದವ್ರದ್ದು ಎಲ್ಲಿ ಕೇಳುವುದು? ಇದು ಇಗರ್ಜಿ, ಬಸ್‌ಸ್ಟ್ಯಾಂಡ್ ಅಲ್ಲ. ನೀನೊಂದು ಕೆಲ್ಸ ಮಾಡು. ತುಟಿ ಮಾತ್ರ ಆಡಿಸು. ಸ್ವರ ಬೇಡ."

ಎಲ್ಲರೂ ನಕ್ಕರು. ಅಗಾತಾ ಕೂಡ ನಕ್ಕಳು, ಹೊಸಬಳಲ್ಲವೇ. ಆನ್ಸೆಲ್ಮ್ ತಮಾಷೆಗೆ ಅಂದಿದ್ದಾನೆ, ಒಂದೆರಡು ವಾರದಲ್ಲಿ ಹಾಡಲು ಬಿಡುತ್ತಾನೆ ಎಂದುಕೊಂಡಳು. ಆದರೆ ಅವನು ತಮಾಷೆ ಮಾಡಿರಲಿಲ್ಲ. ಮುಂದಿನ ಅಭ್ಯಾಸದಲ್ಲಿ ಅವಳ ಸ್ವರ ತುಸು ಕೇಳಿಸಿದ್ದೇ ತಡ, ಎಲ್ಲರೆದುರು ಬೆರಳು ತೋರಿಸಿ, "ತುಟಿ, ತುಟಿ" ಎಂದ. ಹೀಗೆ ಶುರುವಾದದ್ದು ಹತ್ತು ವರ್ಷ ನಡೆಯಿತು. ಪ್ರತಿ ವಾರ ಅವಳು ಹತ್ತಾರು ಮಂದಿ ಹಂಚಿಕೊಂಡಿದ್ದ ಸತ್ವಾದ ಹಳೇ ವಿಲ್ಲಾದಿಂದ ಬಸ್ಸು ಹಿಡಿದು ಹೋಗಿ, ಸೀರೆಯ ನೆರಿಗೆ ಸರಿಮಾಡಿಕೊಂಡು, ಹಿಂದಿನ ಸಾಲಿನಲ್ಲಿ ನಿಂತು ಸದ್ದಿಲ್ಲದೆ ಬಾಯಿ ಆಡಿಸಿದಳು. ಬಿಟ್ಟುಬಿಡಬಹುದಿತ್ತು. ಬಿಟ್ಟರೆ ಆ ಊರಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರುತ್ತಿರಲಿಲ್ಲ. ಕೊಯರಿನ ಹೆಂಗಸರು ಹಬ್ಬಕ್ಕೆ ಮನೆಗೆ ಕರೆಯುತ್ತಿದ್ದರು, ಸಾನ್ನದಂಥ ಹಬ್ಬದ ತಿಂಡಿ ಕಟ್ಟಿಕೊಡುತ್ತಿದ್ದರು. ಅಷ್ಟಕ್ಕೆ ಅವಳು ಸ್ವರವನ್ನು ಬಿಟ್ಟುಕೊಟ್ಟಿದ್ದಳು.

ಕೆಲಸ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ದೊಡ್ಡ ಲಾಂಡ್ರಿಯೊಂದರಲ್ಲಿ. ಹೋಟೆಲುಗಳ ಹಾಸಿಗೆ ಬಟ್ಟೆ, ಟವೆಲು ಲಾರಿಗಟ್ಟಲೆ ಬರುತ್ತಿತ್ತು. ತಗಡಿನ ಎತ್ತರದ ಮಾಡಿನ ಕೆಳಗೆ ತೊಳೆಯುವ, ಹಿಂಡುವ, ಇಸ್ತ್ರಿ ಮಾಡುವ ಯಂತ್ರಗಳು ಒಟ್ಟಿಗೆ ಗರ್ಜಿಸುತ್ತಿದ್ದವು. ಪಕ್ಕದಲ್ಲಿ ನಿಂತವರಿಗೆ ಏನಾದರೂ ಹೇಳಬೇಕಾದರೆ ಕಿವಿಗೆ ಬಾಯಿ ಇಡಬೇಕು. ಅಗಾತಾಗೆ ಆ ಸದ್ದು ಇಷ್ಟವಾಗಿತ್ತು. ಅಲ್ಲಿ ಹಾಡಿದರೆ ಯಾರಿಗೂ ಕೇಳಿಸದು ಎಂಬ ಧೈರ್ಯದಲ್ಲಿ, ಬೆಡ್‌ಶೀಟು ಮಡಚುತ್ತ ಎದೆ ತುಂಬ ಹಾಡುತ್ತಿದ್ದಳು.

ಒಂದು ದಿನ ಯಂತ್ರಗಳ ಮೇಸ್ತ್ರಿ ಉಮ್ಮರಬ್ಬ ಅವಳ ಮೇಜಿನ ಹತ್ತಿರ ಬಂದು ನಿಂತ. ಉಳ್ಳಾಲದ ಬ್ಯಾರಿ, ಅರವತ್ತರ ಹತ್ತಿರದವನು.

"ಬಾಯಮ್ಮ, ಬೆಲ್ಟ್ ಶಬ್ದ ಮಾಡ್ತಾ ಉಂಟಂತ ನಾನು ಆ ಮೋಟರ್ ನಿಲ್ಸಿ ನೋಡಿದೆ. ಮೋಟರ್ ನಿಂತ್ರೂ ಶಬ್ದ ನಿಲ್ಲಲಿಲ್ಲ. ಮತ್ತೆ ಗೊತ್ತಾಯ್ತು, ಅದು ನೀವು."

ಅಗಾತಾ ಕೈಯಲ್ಲಿದ್ದ ಶೀಟು ಕೆಳಗಿಟ್ಟಳು. "ಇನ್ನು ಹಾಡುದಿಲ್ಲ ಉಮ್ಮರಬ್ಬಾಕ. ಸೂಪರ್‌ವೈಸರ್‌ಗೆ ಹೇಳ್ಬೇಡಿ."

"ಹಾಡಿ, ಹಾಡಿ. ಬೆಲ್ಟ್ ಸರಿ ಉಂಟಂತ ಗೊತ್ತಾಯ್ತಲ್ಲ, ನಂಗಷ್ಟು ಸಾಕು," ಎಂದು ಅವನು ಹೋದ.

ಅವಳ ಕಂಠ ಹೊರಗಿನವರ ಕಿವಿಗೆ ಬಿದ್ದದ್ದು ಒಂದು ಸಾವಿನ ಪೂಜೆಯಲ್ಲಿ. ಕೊಯರಿನವರಲ್ಲೇ ಒಬ್ಬರ ಗಂಡ ತೀರಿಕೊಂಡಿದ್ದರು. ಪೂಜೆಯ ನಡುವೆ ಕರೆಂಟು ಹೋಯಿತು. ಮೈಕು, ಕೀಬೋರ್ಡು ಎರಡೂ ಸತ್ತವು. ಆಸರೆ ತಪ್ಪಿದ ಕೊಯರು ಒಬ್ಬೊಬ್ಬರಾಗಿ ತಗ್ಗುತ್ತ ನಿಂತೇಹೋಯಿತು. ಶವಪೆಟ್ಟಿಗೆಯ ಪಕ್ಕದಲ್ಲಿದ್ದ ವಿಧವೆ ತಲೆಯೆತ್ತಿ ಇವರತ್ತ ನೋಡಿದಳು. ಆ ನೋಟವನ್ನು ತಾಳಲಾರದೆ ಅಗಾತಾ, ಆನ್ಸೆಲ್ಮನ ಮುಖ ನೋಡದೆಯೇ ಹಾಡತೊಡಗಿದಳು. ಇಗರ್ಜಿಯ ಕೊನೆಯ ಬೆಂಚಿನವರೆಗೆ, ಅದರಾಚೆಯ ಅಂಗಳದವರೆಗೆ ಸ್ವರ ಹೋಯಿತು. ಹಾಡು ಮುಗಿಯುವವರೆಗೂ ಕರೆಂಟು ಬರಲಿಲ್ಲ.

ಹೊರಗೆ, ಮುಂದಿನ ಪೂಜೆಗೆಂದು ಬಂದಿದ್ದ ಒಬ್ಬ ಬಿಳಿ ಹೆಂಗಸು ಕಾದು ನಿಂತಿದ್ದಳು. ಕೋಲೂರಿ ನಡೆಯುವ ಮುದುಕಿ. ಏನೂ ಕೇಳದೆ ಅಗಾತಾಳ ಗಲ್ಲ ಹಿಡಿದು ಬಾಯಿ ತೆರೆಸಿ, ಹಲ್ಲಿನ ಡಾಕ್ಟರ ಹಾಗೆ ಒಳಗೆ ನೋಡಿದಳು.

"ಯಾರು ಕಲಿಸಿದ್ದು?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಅಗಾತಾ ಉತ್ತರ ಹುಡುಕುವುದರೊಳಗೆ ಹಿಂದಿನಿಂದ ಆನ್ಸೆಲ್ಮ್, "ವಾಷಿಂಗ್ ಮಷೀನ್, ಮ್ಯಾಡಮ್," ಎಂದ. ಸಾವಿನ ಮನೆಯವರೂ ನಕ್ಕರು.

ಅವಳ ಹೆಸರು ಮಗ್ದಾ. ಪೋಲೆಂಡಿನವಳು. ಪ್ರಾಯದಲ್ಲಿ ಅಲ್ಲಿಯ ಒಪೆರಾ ರಂಗದಲ್ಲಿ ಹಾಡಿದ್ದವಳು, ಗಂಡನ ಕೆಲಸದ ಹಿಂದೆ ದುಬೈಗೆ ಬಂದು, ಗಂಡ ಹೋದ ಮೇಲೂ ಇಲ್ಲೇ ಉಳಿದು, ಸತ್ವಾಕ್ಕೆ ಹೊಂದಿಕೊಂಡೇ ಇರುವ ಜುಮೇರಾದಲ್ಲಿ ಅನುಕೂಲಸ್ಥರ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದಳು. ಆನ್ಸೆಲ್ಮನ ಮಗಳು ವೆಲಿಟಾ ಕೂಡ ಅವಳ ಶಿಷ್ಯೆ. ಮಗ್ದಾ ಬರಹೇಳಿದ್ದರಿಂದ ಅಗಾತಾ ರಜೆಯ ದಿನ ನಡೆದುಕೊಂಡೇ ಅಲ್ಲಿಗೆ ಹೋದಳು.

ಮಗ್ದಾಳಲ್ಲಿ ದಯೆಯೆಂಬುದಿರಲಿಲ್ಲ. ಪಿಯಾನೊದ ಒಂದೊಂದೇ ಮನೆ ಒತ್ತುತ್ತ ಅಗಾತಾಳಿಂದ ಹಾಡಿಸಿದಳು. ಪಕ್ಕೆಲುಬಿಗೆ ಕೋಲಿನ ತುದಿಯಿಂದ ತಿವಿದು, "ಉಸಿರು ಇಲ್ಲಿಂದ" ಎಂದಳು. ಕೊನೆಗೆ ಪಿಯಾನೊ ಮುಚ್ಚಿ ಹೇಳಿದಳು:

"ಹೆಂಗಸರ ಮೇಲಿನ ಸ್ವರಕ್ಕೆ ಸೊಪ್ರಾನೊ ಎನ್ನುತ್ತಾರೆ. ಅದರಲ್ಲಿ ನಿನ್ನದು ಡ್ರಮಾಟಿಕ್ ಸೊಪ್ರಾನೊ. ಕೆಳಗೆ ನೂರು ವಾದ್ಯ ಬಾರಿಸುತ್ತಿದ್ದರೂ ಮೈಕಿಲ್ಲದೆ ಅವುಗಳ ಮೇಲೆ ಹೋಗುವ ಸ್ವರ. ನಾನು ಜೀವಮಾನದಲ್ಲಿ ಇಂಥ ಮೂರು ಸ್ವರ ಕೇಳಿದ್ದೇನೆ. ನನ್ನದು ಅದರಲ್ಲಿ ಇಲ್ಲ. ನಿನಗೀಗ ಎಷ್ಟು ವರ್ಷ?"

"ಮೂವತ್ತನಾಲ್ಕು."

"ಇಷ್ಟು ವರ್ಷ ಎಲ್ಲಿ ಹಾಡುತ್ತಿದ್ದೆ?"

"ಕೊಯರಿನಲ್ಲಿ. ಆದ್ರೆ ಹಾಡ್ತಾ ಇರ್ಲಿಲ್ಲ. ತುಟಿ ಆಡಿಸ್ತಿದ್ದೆ."

ಮಗ್ದಾಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, "ಹೇಳಿದವನು ಮೂರ್ಖ. ಕೇಳಿದ ನೀನು ಅವನಿಗಿಂತ ದೊಡ್ಡ ಮೂರ್ಖಳು," ಎಂದಳು. ಅಗಾತಾ ದಾರಿಯುದ್ದಕ್ಕೂ ಅಳುತ್ತ ಬಂದಳು. ಮುಂದಿನ ರಜೆಗೆ ಮತ್ತೆ ಹೋದಳು.

ಇಟಾಲಿಯನ್, ಜರ್ಮನ್ ಭಾಷೆಯ ಹಾಡುಗಳನ್ನು ಅವಳು ಜಪಮಣಿ ಹೇಳುವ ಹಾಗೆ ಬಾಯಿಪಾಠ ಮಾಡಿದಳು. ಕೈಬಿಟ್ಟ ಗಂಡನನ್ನು ಶಪಿಸುವ ಹೆಂಡತಿ, ಸೋತ ಊರಿನ ರಾಣಿ, ಮಗುವನ್ನು ಕಳಕೊಂಡವಳು. ಮಗ್ದಾ ಒಂದೊಂದು ಸಾಲಿನ ಅರ್ಥ ಹೇಳುವಳು, ಅಗಾತಾ ಅದನ್ನು ಕೊಂಕಣಿಗೆ ತಿರುಗಿಸಿ ಮನಸ್ಸಿನಲ್ಲಿಟ್ಟುಕೊಳ್ಳುವಳು. ಒಂದು ವರ್ಷ ಹೀಗೆ ನಡೆದ ಮೇಲೆ ಮಗ್ದಾ ತನ್ನ ಫೋನಿನಲ್ಲಿ ಒಂದು ಹಾಡು ಹಿಡಿದಳು. ಅದೇ ಅಗಾತಾಳ ಮೊದಲ ರೆಕಾರ್ಡಿಂಗ್. ಅದನ್ನು ಕೇಳಿದಾಗ ಅವಳಿಗೆ ಆ ಸ್ವರ ತನ್ನದೆಂದು ನಂಬಲಾಗಲಿಲ್ಲ. ಇಷ್ಟು ದೊಡ್ಡ ಯಾರೋ ತನ್ನೊಳಗೆ ಇಷ್ಟು ದಿನ ಬಾಯಿ ಮುಚ್ಚಿಕೊಂಡು ಕುಳಿತಿದ್ದಳೇ ಎಂದು ಹೆದರಿಕೆಯಾಯಿತು.

ಆ ಸಂತೋಷದಲ್ಲಿ ಅವಳೊಂದು ತಪ್ಪು ಮಾಡಿದಳು. ಅಭ್ಯಾಸದ ದಿನ ಆನ್ಸೆಲ್ಮ್ ಮೃದುವಾಗಿ, "ಮ್ಯಾಡಮ್ ಹತ್ರ ಕಲೀತಾ ಇದ್ದಿಯಂತಲ್ಲ, ವೆಲಿಟಾ ಹೇಳಿದ್ಲು. ನಮಗೂ ಕೇಳಿಸು," ಎಂದಾಗ ಅವನಿಗೆ ಅದನ್ನು ಕಳಿಸಿಬಿಟ್ಟಳು.

ಮರುದಿನ ಬೆಳಗ್ಗೆ ಕಂಪನಿ ಬಸ್ಸು ಹತ್ತುವಾಗಲೇ ಹಿಂದಿನ ಸೀಟಿನಲ್ಲಿ ಅವಳ ಸ್ವರ ಕೇಳಿಸಿತು. ಹುಡುಗರು ಫೋನಿನ ಸುತ್ತ ಗುಂಪಾಗಿ ಬಿದ್ದು ಬಿದ್ದು ನಗುತ್ತಿದ್ದರು. ಆನ್ಸೆಲ್ಮ್ ಅದನ್ನು ಕೊಯರಿನ ಗುಂಪಿಗೆ ಹಾಕಿದ್ದ. ಕೆಳಗೆ ಒಂದು ಸಾಲು ಬರೆದಿದ್ದ: "ಆಂಬುಲೆನ್ಸ್ ಬಂತು, ದಾರಿ ಬಿಡಿ." ಅಲ್ಲಿಂದ ಅದು ಗುಂಪಿನಿಂದ ಗುಂಪಿಗೆ ಹಾರಿ ಅಬುಧಾಬಿಯ ಮುಸಫ್ಫಾದ ವರ್ಕ್‌ಶಾಪುಗಳಿಗೂ, ಊರಿಗೂ ಮುಟ್ಟಿತ್ತು. ಯಾರೋ ಅದಕ್ಕೆ ಓಡಿಹೋಗುವ ಕೋಳಿಗಳ ಚಿತ್ರ ಸೇರಿಸಿದ್ದರು. ಇನ್ಯಾರೋ ರಿಂಗ್‌ಟೋನ್ ಮಾಡಿಕೊಂಡರು. ಲಾಂಡ್ರಿಯಲ್ಲಿ ಅವಳು ಟ್ರಾಲಿ ತಳ್ಳಿಕೊಂಡು ಬಂದರೆ, "ಯಲ್ಲಾ ಯಲ್ಲಾ, ಆಂಬುಲೆನ್ಸ್!" ಎಂದು ಬದಿಗೆ ಸರಿಯುವುದು ಒಂದು ಆಟವಾಯಿತು.

ಊರಿನಿಂದ ಅಣ್ಣ ಫ್ಲಾಯ್ಡ್ ಫೋನು ಮಾಡಿದ. "ನಿಂಗೆ ನಾಚಿಕೆ ಇಲ್ವಾ? ಇಲ್ಲಿ ಬಜಾರಿಗೆ ಹೋದ್ರೆ ಜನ ನನ್ನ ಮೋರೆ ನೋಡಿ ನಗ್ತಾರೆ. ಕಿರ್ಚಿಕೊಳ್ಲಿಕ್ಕೆ ಗಲ್ಫಿಗೇ ಹೋಗ್ಬೇಕಿತ್ತಾ?"

ಅವಳು ಆನ್ಸೆಲ್ಮನ ಬಳಿ ಹೋಗಿ ಅದನ್ನು ತೆಗೆಯಲು ಬೇಡಿಕೊಂಡಳು. "ಖಲಾಸ್, ಅದು ನನ್ನ ಕೈಯಲ್ಲಿ ಇಲ್ಲ ಈಗ," ಎಂದ ಅವನು. "ಅಷ್ಟಕ್ಕೂ ತಮಾಷೆ ಅಲ್ವಾ? ನಿಂಗೆ ಸ್ವಲ್ಪ ಹಾಸ್ಯಪ್ರಜ್ಞೆ ಬೇಕು ಅಗಾತಾ."

ಮಗ್ದಾಳಲ್ಲಿಗೆ ಹೋಗುವುದನ್ನು ಅವಳು ನಿಲ್ಲಿಸಿದಳು. ಲಾಂಡ್ರಿಯಲ್ಲೂ ಹಾಡಲಿಲ್ಲ. ಕೊಯರಿಗೆ ಮಾತ್ರ ಹೋದಳು. ಹೋಗದಿದ್ದರೆ ಕೋಪ ಮಾಡಿಕೊಂಡಳು ಎನ್ನುತ್ತಾರಲ್ಲ ಎಂಬ ಹೆದರಿಕೆ.

ಅದೇ ದಿನಗಳಲ್ಲಿ, ವಿಲ್ಲಾದಲ್ಲಿ ಅವಳ ಪಕ್ಕದ ಮಂಚದವಳಾದ ನರ್ಸ್ ಲೀಲಮ್ಮ ತಲೆ ಬಾಚಿಕೊಳ್ಳುತ್ತಿದ್ದ ಅಗಾತಾಳನ್ನು ಕನ್ನಡಿಯಲ್ಲಿ ನೋಡಿ ಎದ್ದು ಬಂದಳು. ಕುತ್ತಿಗೆಯ ಬುಡದಲ್ಲಿದ್ದ ಸಣ್ಣ ಉಬ್ಬಿನ ಮೇಲೆ ಎರಡು ಬೆರಳಿಟ್ಟು, "ಇದು ಯಾವಾಗಿಂದ?" ಎಂದು ಕೇಳಿದಳು. ಅಗಾತಾ ಅದನ್ನು ಗಮನಿಸಿಯೇ ಇರಲಿಲ್ಲ. ಲೀಲಮ್ಮನೇ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದಳು. ಥೈರಾಯ್ಡ್ ಗ್ರಂಥಿಯಲ್ಲಿ ಗಡ್ಡೆ. ಒಳ್ಳೆಯ ಜಾತಿಯದಲ್ಲ, ಬೇಗ ತೆಗೆಯಬೇಕು. ತೆಗೆದರೆ ಜೀವಕ್ಕೆ ಅಪಾಯವಿಲ್ಲ ಎಂದರು ಸರ್ಜನ್.

"ಆದರೆ ಧ್ವನಿಪೆಟ್ಟಿಗೆಗೆ ಹೋಗುವ ನರವನ್ನು ಅದು ಸುತ್ತಿಕೊಂಡ ಹಾಗಿದೆ. ನರ ಉಳಿಸಲು ನೋಡುತ್ತೇನೆ. ಮಾತು ಕೊಡಲಾರೆ. ನಿಮ್ಮ ಕೆಲಸಕ್ಕೆ ಧ್ವನಿ ಬೇಕೇ?"

"ಬೇಡ," ಎಂದಳು ಅಗಾತಾ. "ಬಟ್ಟೆ ಮಡಚುವ ಕೆಲ್ಸ."

ಸುದ್ದಿ ವೆಲಿಟಾಳಿಂದ ಮಗ್ದಾಗೆ ಮುಟ್ಟಿತು. ಮುದುಕಿ ಕೋಲೂರಿಕೊಂಡು ಸತ್ವಾದ ಟೈಲರ್ ಅಂಗಡಿಗಳ ಸಾಲು ದಾಟಿ, ಮಂಚಗಳಿಂದ ಕಿಕ್ಕಿರಿದ ಆ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಸಮಾಧಾನದ ಮಾತು ಒಂದೂ ಆಡಲಿಲ್ಲ.

"ಕತ್ತರಿಸುವ ಮೊದಲು ರೆಕಾರ್ಡ್ ಮಾಡಬೇಕು. ನನ್ನ ಕೋಣೆ ಸಾಲದು, ನಿನ್ನ ಸ್ವರಕ್ಕೆ ಎತ್ತರದ ಮಾಡು ಬೇಕು. ಸ್ಟುಡಿಯೋಗಳೆಲ್ಲ ಗುಬ್ಬಿಗೂಡು. ನಿನಗೆ ಗೊತ್ತಿರುವ ದೊಡ್ಡ ಜಾಗ ಯಾವುದು?"

ಅಗಾತಾಗೆ ಗೊತ್ತಿದ್ದ ದೊಡ್ಡ ಜಾಗ ಒಂದೇ.

ಯಂತ್ರಗಳ ರಿಪೇರಿಗೆಂದು ಲಾಂಡ್ರಿ ನಿಲ್ಲುವ ದಿನವೊಂದಿತ್ತು. ಉಮ್ಮರಬ್ಬ ಮ್ಯಾನೇಜರನ ಬಳಿ ಮಾತಾಡಿ ಒಪ್ಪಿಗೆ ಪಡೆದ. ರಿಪೇರಿಯವರನ್ನು ಮಧ್ಯಾಹ್ನದ ನಂತರ ಬರಲು ಹೇಳಿ, ಎಕ್ಸಾಸ್ಟ್ ಫ್ಯಾನುಗಳನ್ನೂ ನಿಲ್ಲಿಸಿದ. ವೆಲಿಟಾ ತಂದೆಗೆ ಹೇಳದೆ ಕೀಬೋರ್ಡು, ಒಳ್ಳೆಯ ಮೈಕು ಎರಡನ್ನೂ ತಂದಿದ್ದಳು. ಗಾಳಿಯಿಲ್ಲದ ಆ ಶೆಡ್ಡಿನಲ್ಲಿ ಬೇಸಗೆಯ ಸೆಕೆ ಕುದಿಯುತ್ತಿತ್ತು. ಯಂತ್ರಗಳು ಸುಮ್ಮನಾದದ್ದನ್ನು ಅಗಾತಾ ಅಲ್ಲಿ ಎಂದೂ ಕೇಳಿರಲಿಲ್ಲ. ತನ್ನ ಚಪ್ಪಲಿಯ ಸದ್ದಿಗೇ ಬೆಚ್ಚಿದಳು.

ಮೊದಲ ಹಾಡು ಅರ್ಧಕ್ಕೆ ಬಂದಾಗ ಮಗ್ದಾ ನಿಲ್ಲಿಸಿದಳು. "ಯಾರಿಗೆ ಹೆದರುತ್ತಿದ್ದೀಯ? ಇನ್ನು ಕಳಕೊಳ್ಳುವುದಕ್ಕೆ ಏನು ಉಳಿದಿದೆ ನಿನ್ನಲ್ಲಿ? ಮತ್ತೆ."

ಮತ್ತೆ ಹಾಡಿದಳು. ಈ ಸಲ ತಗಡಿನ ಮಾಡು ಸಣ್ಣಗೆ ಅದುರಿತು. ಗಡ್ಡೆ ಒತ್ತಿ ಗಂಟಲು ಉರಿಯುತ್ತಿತ್ತು. ನೀರು ಕುಡಿಯಲೂ ಬಿಡದೆ ಮಗ್ದಾ "ಮತ್ತೆ" ಎನ್ನುತ್ತಲೇ ಹೋದಳು. ಮಗುವನ್ನು ಕಳಕೊಂಡವಳ ಹಾಡನ್ನು ಎಷ್ಟು ಸಲ ಹಾಡಿಸಿದಳೋ, ಕೊನೆಗೆ ಅಗಾತಾ ಬೆಡ್‌ಶೀಟಿನ ಮೂಟೆಯ ಮೇಲೆ ಕುಸಿದು ಕುಳಿತಳು. ವೆಲಿಟಾ ಅಳುತ್ತ, "Stop it, Miss Magda. She's sick," ಎಂದಳು. "ಗೊತ್ತು. ಅದಕ್ಕೇ," ಎಂದಳು ಮುದುಕಿ. ಅಗಾತಾ ಎದ್ದು ನಿಂತಳು. ಆ ಕೊನೆಯ ಸಲ ಹಾಡಿದ್ದೇ ಉಳಿದದ್ದು. ಹಾಡು ಮುಗಿದಾಗ ಬಾಗಿಲ ಬಳಿ ನಿಂತಿದ್ದ ಉಮ್ಮರಬ್ಬ ಟೊಪ್ಪಿ ಕೈಯಲ್ಲಿ ಹಿಡಿದುಕೊಂಡು ಹೊರಗೆ ನಡೆದುಬಿಟ್ಟಿದ್ದ. ನಾಲ್ಕು ಹಾಡು ಆದವು. ಅಗಾತಾ ಪಾಯ್ಸ್ ಎಂಬ ಗಾಯಕಿಯ ರೆಕಾರ್ಡಿಂಗುಗಳೆಂದರೆ ಇವಿಷ್ಟೇ, ಮತ್ತು ಜನ ನಕ್ಕ ಆ ಒಂದು.

ಸರ್ಜನ್ ಗಡ್ಡೆ ತೆಗೆದರು. ನರ ಉಳಿಯಲಿಲ್ಲ. ಎಚ್ಚರವಾದಾಗ ನೀರು ಕೇಳಲು ಅಗಾತಾ ಬಾಯಿ ತೆರೆದಳು. ಹರಿದ ಕಾಗದ ಗಾಳಿಗೆ ಬಡಿದ ಹಾಗೆ ಏನೋ ಹೊರಬಂತು. ಲೀಲಮ್ಮ ಮುಖ ತಿರುಗಿಸಿಕೊಂಡು ನೀರು ತಂದಳು.

ಅವಳು ಆಸ್ಪತ್ರೆಯಲ್ಲಿರುವಾಗಲೇ ಮಗ್ದಾ ಬಂದಳು. ನಾಲ್ಕು ಹಾಡುಗಳನ್ನು ತಾನು ಹಿಂದೆ ಹಾಡಿದ ರಂಗದ ಸಂಗೀತ ನಿರ್ದೇಶಕನಿಗೆ ಕಳಿಸಿದ್ದಳು. ಅವನ ಉತ್ತರವನ್ನು ಮಂಚದ ಪಕ್ಕ ಕುಳಿತು ಫೋನಿನಿಂದ ಓದಿ ಹೇಳಿದಳು. ಈ ಸ್ವರ ಎಲ್ಲಿಂದ ಬಂತು, ಇವಳನ್ನು ಹತ್ತು ವರ್ಷದ ಹಿಂದೆಯೇ ಯಾಕೆ ಕಳಿಸಲಿಲ್ಲ, ಈಗಲಾದರೂ ಕೂಡಲೇ ಕಳಿಸು, ಖರ್ಚು ನಾವು ನೋಡಿಕೊಳ್ಳುತ್ತೇವೆ ಎಂದಿತ್ತು.

"ಯಾಕೆ ಓದಿದಿರಿ ಇದನ್ನು?" ಎಂದು ಅಗಾತಾ ಉಸಿರಿನಲ್ಲಿ ಕೇಳಿದಳು.

"ಇದು ನಿನಗೆ ಸೇರಬೇಕಾದ ಮಾತು. ನಾನು ಮುಚ್ಚಿಟ್ಟುಕೊಳ್ಳುವಂತಿಲ್ಲ," ಎಂದಳು ಮಗ್ದಾ. ಆ ಚಳಿಗಾಲದಲ್ಲಿ ಅವಳು ಜುಮೇರಾದ ಮನೆ ಖಾಲಿ ಮಾಡಿ ಪೋಲೆಂಡಿಗೆ ಹೋದಳು. ವಿಮಾನ ನಿಲ್ದಾಣದಿಂದ ಒಂದು ಸಲ ಫೋನು ಮಾಡಿದಳು. ಅಗಾತಾಳ ಮಾತು ಅವಳಿಗೆ ಕೇಳಿಸಲಿಲ್ಲ.

ವೆಲಿಟಾ ಅಗಾತಾಳನ್ನು ಕೇಳಿ ಆ ನಾಲ್ಕು ಹಾಡುಗಳನ್ನು ಯೂಟ್ಯೂಬಿಗೆ ಹಾಕಿದಳು. ಯಾರಾದರೂ ಕೇಳಲಿ ಎಂದು ಅಗಾತಾಳೂ ಒಪ್ಪಿದ್ದಳು. ಪರದೇಶದವರು ಮೆಚ್ಚಿ ಬರೆಯತೊಡಗಿದರು. ಅದನ್ನು ಕಂಡು ಮಂಗಳೂರಿನ ಸುದ್ದಿತಾಣಗಳು ಬರೆದವು. ಅಷ್ಟಾದದ್ದೇ ತಡ, ಆಂಬುಲೆನ್ಸ್ ಎಂದು ನಕ್ಕವರೆಲ್ಲ ಹಂಚಿಕೊಳ್ಳತೊಡಗಿದರು. ಫ್ಲಾಯ್ಡ್ ಕೂಡ ಹಂಚಿಕೊಂಡ, "ನನ್ನ ತಂಗಿ" ಎಂದು ಬರೆದು.

ಕೊಯರಿನ ಬೆಳ್ಳಿಹಬ್ಬ ಮುಸಫ್ಫಾದ ಒಂದು ಸಭಾಂಗಣದಲ್ಲಿ ನಡೆಯಿತು. ಅಬುಧಾಬಿಯ ಕೊಂಕಣಿಗರೂ, ದುಬೈಯಿಂದ ಬಸ್ಸುಗಳಲ್ಲಿ ಬಂದವರೂ ಸೇರಿ ಹಾಲ್ ತುಂಬಿತ್ತು. ಅಗಾತಾಗೆ ಮುಂದಿನ ಸಾಲಿನಲ್ಲಿ ಕುರ್ಚಿ ಇಟ್ಟಿದ್ದರು. ಆನ್ಸೆಲ್ಮ್ ದೀಪ ಆರಿಸಿ ಅವಳ ಹಾಡು ಹಾಕಿದ. ಮಗುವನ್ನು ಕಳಕೊಂಡವಳ ಹಾಡು. ಸ್ಪೀಕರುಗಳಿಂದ ಬಂದ ಆ ಸ್ವರದ ಕೆಳಗೆ ಅಗಾತಾ ಕೈ ಕಟ್ಟಿಕೊಂಡು ಕುಳಿತಿದ್ದಳು. ಅದು ಹೋಗಿಬಿಟ್ಟಿದೆ ಎಂಬುದು ಅವಳಿಗೆ ಪೂರ್ತಿ ಅರ್ಥವಾದದ್ದು ಅಲ್ಲಿಯೇ.

ದೀಪ ಹತ್ತಿದಾಗ ಆನ್ಸೆಲ್ಮನ ಕಣ್ಣಲ್ಲಿ ನೀರಿತ್ತು. "ಹತ್ತು ವರ್ಷ ಈ ಹೆಣ್ಣುಮಗಳನ್ನು ನಾನು ನನ್ನ ಕೊಯರಿನಲ್ಲಿ ಬೆಳೆಸಿದೆ," ಎಂದು ಮೈಕಿನಲ್ಲಿ ಹೇಳಿದ. "ಸ್ವರವನ್ನು ಹಿಡಿದಿಡಲು ಕಲಿಸಿದ್ದು ನಾನು. ಅಗಾತಾ, ಬಾ. ಎರಡು ಮಾತು ಹೇಳು."

ಅವಳು ವೇದಿಕೆ ಹತ್ತಿದಳು. ಅವನು ಮೈಕನ್ನು ಅವಳ ಬಾಯಿಗೆ ಹಿಡಿದ.

"ನೀನು ನನ್ನನ್ನು ಹಾಡಲು ಬಿಡಲಿಲ್ಲ," ಎಂದಳು ಅಗಾತಾ. "ಹತ್ತು ವರ್ಷ ಬಾಯಿ ಮುಚ್ಚಿಸಿದೆ. ಮತ್ತೆ ಊರಿಗೆಲ್ಲ ಹಂಚಿ ನಗಿಸಿದೆ."

ಸ್ಪೀಕರಿನಲ್ಲಿ ಉಸಿರು, ಗರಗರ ಸದ್ದು, ನಡುನಡುವೆ ಒಂದು ಕೀರಲು ಮಾತ್ರ ಕೇಳಿಸಿತು. ಎದುರಿನ ಮಕ್ಕಳು ಕಿಸಕ್ಕೆಂದರು. ಅವರ ತಾಯಂದಿರು ಅವರನ್ನು ಚಿವುಟಿದರು. ಅವಳು ಇನ್ನೂ ಜೋರಾಗಿ ಹೇಳಲು ನೋಡಿದಳು. ಕುತ್ತಿಗೆಯ ನರ ಉಬ್ಬಿತು, ಮುಖ ಕೆಂಪಾಯಿತು, ಸದ್ದು ಮತ್ತಷ್ಟು ಹರಿಯಿತು. ಪಕ್ಕದಲ್ಲೇ ನಿಂತ ಆನ್ಸೆಲ್ಮನಿಗೆ ಒಂದೊಂದು ಮಾತೂ ಕೇಳಿಸಿತ್ತು. ಅವನ ಮುಖ ಒಂದು ಕ್ಷಣ ಕಪ್ಪಿಟ್ಟಿತು. ಆಮೇಲೆ ಮೈಕನ್ನು ತನ್ನ ಕಡೆಗೆ ತಿರುಗಿಸಿಕೊಂಡು ಹೇಳಿದ:

"ಪಾಪ, ಮಾತಾಡ್ಲಿಕ್ಕೆ ಆಗುದಿಲ್ಲ ಅವ್ಳಿಗೆ. ನಮಗೆಲ್ಲ ಥ್ಯಾಂಕ್ಸ್ ಹೇಳ್ತಾ ಇದ್ದಾಳೆ. ಎಲ್ಲ ಕೊಯರಿನ ಕೃಪೆ ಅಂತ ಹೇಳ್ತಾ ಇದ್ದಾಳೆ."

ಹಾಲ್ ಎದ್ದು ನಿಂತು ಚಪ್ಪಾಳೆ ತಟ್ಟಿತು. ಯಾರೋ ಶಾಲು ಹೊದೆಸಿದರು. ಫೋಟೋದವನು ನಗಲು ಹೇಳಿದ. ವೇದಿಕೆಯ ಮೂಲೆಯಲ್ಲಿ ಕೀಬೋರ್ಡಿನ ಮುಂದಿದ್ದ ವೆಲಿಟಾ ಮಾತ್ರ ಚಪ್ಪಾಳೆ ತಟ್ಟದೆ ಕೈ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಅವಳಿಗೂ ಕೇಳಿಸಿತ್ತು.

ಹಿಂತಿರುಗುವ ಬಸ್ಸಿನಲ್ಲಿ ವೆಲಿಟಾ ಬಂದು ಪಕ್ಕದಲ್ಲಿ ಕುಳಿತಳು. "I'm sorry, Aunty," ಎಂದಳು. ಅಗಾತಾ ಅವಳ ಕಿವಿಗೆ ಬಾಯಿ ಇಟ್ಟು, "ತೆಗೆದುಬಿಡು. ನಾಲ್ಕೂ," ಎಂದಳು.

"But Aunty, so many people are listening! ಅದೊಂದೇ ಉಳಿದದ್ದಲ್ವಾ ನಿಮ್ದು?"

"ನಿನ್ನ ಪಪ್ಪ ಇನ್ನು ಪ್ರತಿ ಹಬ್ಬಕ್ಕೂ ಅದನ್ನು ಹಾಕ್ತಾನೆ. ಪ್ರತಿ ಸಲ ನಾನು ಥ್ಯಾಂಕ್ಸ್ ಹೇಳ್ಬೇಕು. ತೆಗಿ."

ದುಬೈ ಮುಟ್ಟುವ ಮೊದಲು ವೆಲಿಟಾ ನಾಲ್ಕನ್ನೂ ಅಳಿಸಿದಳು. ಆನ್ಸೆಲ್ಮನ ಫೋನಿನಲ್ಲಿದ್ದ ಪ್ರತಿಯನ್ನೂ ಅವನು ಮಲಗಿದ್ದಾಗ ಅವಳೇ ತೆಗೆದಳು. ಅಲ್ಲಿಯ ಪ್ರತಿಗಳನ್ನೂ ಅಳಿಸಿ ಎಂದು ಮಗ್ದಾಗೆ ಬರೆದರೆ ಉತ್ತರ ಬರಲಿಲ್ಲ, ಕೆಲವು ವಾರಗಳ ನಂತರ ಅವಳು ತೀರಿಕೊಂಡ ಸುದ್ದಿ ಬಂತು. ಆಂಬುಲೆನ್ಸ್ ಎಂದು ಬರೆದ ಆ ಮೊದಲ ರೆಕಾರ್ಡಿಂಗ್ ಮಾತ್ರ ಯಾರ ಕೈಗೂ ಸಿಗದೆ ಫೋನಿನಿಂದ ಫೋನಿಗೆ ಓಡಾಡುತ್ತಲೇ ಉಳಿಯಿತು.

ಆನ್ಸೆಲ್ಮ್ ಅಗಾತಾಗೆ ಫೋನು ಮಾಡಿ ರೇಗಿದ. "ಎಂಥ ಅಹಂಕಾರ ನಿನ್ನದು! ಕೊಯರಿಗೆ ಹೆಸರು ಬರುವುದು ಬೇಡ್ವಾ ನಿಂಗೆ? ಯಾಕೆ ತೆಗೆಸಿದ್ದು, ಹೇಳು." ಅವಳು ಹೇಳಿದಳು. ಕಾರಣವನ್ನೆಲ್ಲ ಮೊದಲಿನಿಂದ, ಒಂದನ್ನೂ ಬಿಡದೆ, ಗಂಟಲು ನೋಯುವವರೆಗೆ ಹೇಳಿದಳು. ಆ ಕಡೆಯಿಂದ ಅವನು, "ಹಲೋ? ಹಲೋ? ಎಂತದೂ ಕೇಳುದಿಲ್ಲ," ಎನ್ನುತ್ತಿದ್ದ. ಆಮೇಲೆ ಕಟ್ ಮಾಡಿದ.

ಅವಳು ಈಗಲೂ ಅದೇ ಲಾಂಡ್ರಿಯಲ್ಲಿದ್ದಾಳೆ. ಕೊಯರು ಬಿಟ್ಟಿದ್ದಾಳೆ. ಹೊಗಳಿಕೆ ತಲೆಗೇರಿತು ಎಂದು ಜನ ಆಡಿಕೊಳ್ಳುವುದು ಲೀಲಮ್ಮನ ಮೂಲಕ ಅವಳಿಗೆ ತಿಳಿಯುತ್ತದೆ. ಉಮ್ಮರಬ್ಬ ಕೆಲಸ ಮುಗಿಸಿ ಊರಿಗೆ ಹೋದ. ಹೊಸದಾಗಿ ಸೇರಿದ ಹುಡುಗಿಯರಿಗೆ ಇವಳು ಹಾಡುತ್ತಿದ್ದಳು ಎಂದರೆ ನಂಬಿಕೆಯಾಗುವುದಿಲ್ಲ. ಯಂತ್ರಗಳ ಸದ್ದಿನಲ್ಲಿ ಯಾರನ್ನಾದರೂ ಕರೆಯಬೇಕಾದಾಗ ಊದಲು ಕಂಪನಿ ಅವಳಿಗೊಂದು ಪ್ಲಾಸ್ಟಿಕ್ ಸೀಟಿ ಕೊಟ್ಟಿದೆ. ಅದನ್ನು ದಾರದಲ್ಲಿ ಕಟ್ಟಿ, ಹೊಲಿಗೆಯ ಗುರುತಿನ ಮೇಲೆ ಬೀಳುವ ಹಾಗೆ ಕೊರಳಿಗೆ ಹಾಕಿಕೊಂಡಿದ್ದಾಳೆ. ಟ್ರಾಲಿ ತುಂಬಿದಾಗ ಊದುತ್ತಾಳೆ. ಹುಡುಗರು ಬಂದು ತಳ್ಳಿಕೊಂಡು ಹೋಗುತ್ತಾರೆ.